ಇಷ್ಟೊಂದು ನೀರಿರುವಾಗ ಬೆಂಕಿಗೇನು ಹೆದರಿಕೆ?

ಗೇಟ್‌ವೇ ಆಫ್ ಇಂಡಿಯಾದಿಂದ ಎಲಿಫೆಂಟಾ ಗುಹೆಗಳಿಗೆ ಹೋಗುವ ಬೋಟುಗಳಲ್ಲಿ ಅಗ್ನಿಶಾಸ್ತ್ರದ ಹೊಸ ಸಿದ್ಧಾಂತವೊಂದು ಚಾಲ್ತಿಯಲ್ಲಿದೆ. ಕಣ್ಣು ಹಾಯಿಸಿದಲ್ಲೆಲ್ಲ ಅರಬ್ಬೀ ಸಮುದ್ರ. ಇಷ್ಟೊಂದು ನೀರಿರುವ ಕಡೆ ಬರುವ ಧೈರ್ಯವನ್ನು ಬೆಂಕಿ ಮಾಡುವುದಿಲ್ಲ. ಮಾಡಿದರೂ ಬಕೆಟ್ಟಿದೆ, ಬಕೆಟ್ಟಿಗೆ ಹಗ್ಗವಿದೆ, ಹಗ್ಗ ಎಳೆಯಲು ಹುಡುಗನಿದ್ದಾನೆ. ಬೆಂಕಿ ಬಿದ್ದಾಗ ಬಾವಿ ತೋಡುವ ದಡ್ಡತನವೆಲ್ಲ ನೆಲದ ಮೇಲೆ ಮನೆ ಕಟ್ಟಿಕೊಂಡವರದು. ಬೋಟಿನವರು ಬಾವಿಯೊಳಗೇ ಸಂಸಾರ ಹೂಡಿದವರು.

ಈ ಸಿದ್ಧಾಂತವನ್ನು ನನಗೆ ಬೋಧಿಸಿದವನು ಮೀಸೆ ಈಗಷ್ಟೇ ಮೂಡುತ್ತಿದ್ದ ಒಬ್ಬ ಖಲಾಸಿ. ಇಂಜಿನ್ನಿನ ಪಕ್ಕ ನೇತಾಡುತ್ತಿದ್ದ ಕೆಂಪು ಸಿಲಿಂಡರನ್ನು ತೋರಿಸಿ, ಇದು ಕೆಲಸ ಮಾಡುತ್ತದೆಯೇ ಎಂದು ನಾನು ಕೇಳಿದ್ದೆ. ಅವನು ಒಮ್ಮೆ ನನ್ನನ್ನು ನೋಡಿದ, ಒಮ್ಮೆ ಸಮುದ್ರವನ್ನು ನೋಡಿದ, "ಸಾಬ್, ಇತನಾ ಪಾನೀ ಹೈ" ಎಂದ. ವಾದ ಮುಗಿಯಿತು. ಎರಡು ಸಾಲು ಆಚೆ ಕುಳಿತಿದ್ದ ಕುಂದಾಪುರದ ನಮ್ಮ ಭಾವ, "ಎಂತ ಮಾರಾಯ, ನೀ ಗುಹೆ ಕಾಂಬುಕ್ ಬಂದದ್ದಾ, ಸಿಲಿಂಡರ್ ಕಾಂಬುಕ್ ಬಂದದ್ದಾ?" ಎಂದು ತೀರ್ಪು ಕೊಟ್ಟರು. ಊರಿನ ನೆಂಟರು ಬಂದಾಗ ಮುಂಬಯಿ ಕನ್ನಡಿಗ ಮಾಡಲೇಬೇಕಾದ ಕೆಲಸಗಳು ಮೂರು: ಸಿದ್ಧಿವಿನಾಯಕನ ದರ್ಶನ, ಮಾತುಂಗಾದಲ್ಲಿ ಇಡ್ಲಿ ತಿನ್ನಿಸಿ "ನಮ್ಮೂರಿನದೇ ಒಳ್ಳೇದು" ಅನ್ನಿಸಿಕೊಳ್ಳುವುದು, ಎಲಿಫೆಂಟಾ ಬೋಟು ಹತ್ತಿಸುವುದು. ಇವುಗಳ ನಡುವೆ ಅಗ್ನಿಶಾಮಕ ಇಲಾಖೆಯ ಕೆಲಸಕ್ಕೆ ಸಮಯ ಇಟ್ಟುಕೊಂಡವರಿಲ್ಲ.

ಆದರೆ ಡೀಸೆಲ್ ಈ ಸಿದ್ಧಾಂತವನ್ನು ಓದಿಲ್ಲ, ಪಾಪ. ಅದು ನೀರಿಗಿಂತ ಹಗುರ. ಉರಿಯುವ ಡೀಸೆಲ್ ಮೇಲೆ ಬಕೆಟ್ ನೀರು ಸುರಿದರೆ ನೀರು ತಳಕ್ಕಿಳಿಯುತ್ತದೆ, ಡೀಸೆಲ್ ಅದರ ಬೆನ್ನೇರಿ ಉರಿಯುತ್ತಲೇ ಇಂಜಿನ್ ಕೋಣೆಯ ಮೂಲೆಮೂಲೆಗೆ ಸವಾರಿ ಹೊರಡುತ್ತದೆ. ಪಕ್ಕದಲ್ಲೇ ಬ್ಯಾಟರಿ, ಬ್ಯಾಟರಿಯಿಂದ ಸಿಪ್ಪೆ ಸುಲಿದ ವೈರು, ಸುರಿದದ್ದು ಉಪ್ಪುನೀರು. ಇಂಥ ಬೆಂಕಿಗೆ ಬೇಕಾದದ್ದು ಡ್ರೈ ಪೌಡರ್ ಅಥವಾ ಕಾರ್ಬನ್ ಡೈಆಕ್ಸೈಡ್. ಅದನ್ನು ಹೊಡೆಯುವುದಕ್ಕೂ ಒಂದು ಕ್ರಮವಿದೆ. ಪಿನ್ ಕಿತ್ತು, ನಳಿಕೆಯನ್ನು ಜ್ವಾಲೆಯ ಬುಡಕ್ಕೆ ಗುರಿಯಿಟ್ಟು, ಹಿಡಿ ಒತ್ತಿ, ಅತ್ತಿಂದಿತ್ತ ಆಡಿಸಬೇಕು. ಜ್ವಾಲೆಯ ನೆತ್ತಿಗೆ ಹೊಡೆದರೆ ಪುಡಿಯೆಲ್ಲ ಗಾಳಿಪಾಲು. ಎರಡು ಕಿಲೋದ ಸಿಲಿಂಡರ್ ಉಗುಳುವುದೇ ಹತ್ತು ಸೆಕೆಂಡಿನ ಆಸುಪಾಸು. ಇಂಜಿನ್ನಿನ ಮುಚ್ಚಳ ಪೂರ್ತಿ ಎತ್ತಿದರೆ ಗಾಳಿ ನುಗ್ಗಿ ಬೆಂಕಿ ಇನ್ನಷ್ಟು ಕೊಬ್ಬುತ್ತದೆ. ಹಾಗಾಗಿ ಬುದ್ಧಿಯಿಟ್ಟು ಕಟ್ಟಿದ ಬೋಟುಗಳಲ್ಲಿ ಆ ಮುಚ್ಚಳಕ್ಕೇ ಒಂದು ಸಣ್ಣ ತೂತು ಕೊರೆದಿರುತ್ತಾರೆ, ನಳಿಕೆಯನ್ನು ಅದರೊಳಗೆ ತೂರಿಸಿ ಒತ್ತಿದರೆ ಸಾಕು. ನಾವು ಹತ್ತಿದ ಬೋಟಿನಲ್ಲಿ ಅಂಥ ತೂತು ಇರಲಿಲ್ಲ. ಮುಚ್ಚಳವೂ ಇರಲಿಲ್ಲ. ಇಂಜಿನ್ನಿನ ಮೇಲೆ ಒಂದು ಹಲಗೆ, ಹಲಗೆಯ ಮೇಲೆ ಚಹಾದ ಥರ್ಮಾಸ್.

ಸಿಲಿಂಡರನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ದಸರೆಯಂದು ಹಾಕಿದ ಚೆಂಡುಹೂವಿನ ಹಾರ ಒಣಗಿ ಕೊರಳಿಗೆ ಅಂಟಿಕೊಂಡಿತ್ತು. ಒತ್ತಡ ತೋರಿಸುವ ಮುಳ್ಳಿನ ಗಾಜಿನ ಮೇಲೆ ಸರಿಯಾಗಿ ನಡುಮಧ್ಯಕ್ಕೆ ಹೆಬ್ಬೆರಳಿನಿಂದ ಒತ್ತಿದ ಕುಂಕುಮ. ಮುಳ್ಳು ಹಸಿರು ಗೆರೆಯಲ್ಲಿದೆಯೋ ಕೆಂಪಿನಲ್ಲಿದೆಯೋ, ಪೂಜೆ ಮಾಡಿಸಿಕೊಂಡ ದೇವರಿಗೇ ಗೊತ್ತು. ಸುರಕ್ಷತಾ ಪಿನ್ನನ್ನು ತಾಮ್ರದ ತಂತಿಯಿಂದ ಬಿಗಿದು ಸುತ್ತಿದ್ದರು. ಯಾಕೆಂದರೆ ಪ್ರಯಾಣಿಕರ ಮಕ್ಕಳು ಅದನ್ನು ಕೀಳುತ್ತಾರಂತೆ. ಸಿಲಿಂಡರ್ ಬೀಳದಿರಲಿ ಎಂದು ನೈಲಾನ್ ಹಗ್ಗದ ಮೂರು ಗಂಟು. ತಪಾಸಣೆಯ ಚೀಟಿ ಉಪ್ಪುಗಾಳಿಗೆ ಬಿಳಿಚಿ, ಯಾವ ವರ್ಷದ್ದೆಂದು ಹೇಳಲಾಗದ ನಿರ್ವಿಕಾರ ಸ್ಥಿತಿಗೆ ತಲುಪಿತ್ತು. ಮೇಲೆ ಬೋಟು ನಡೆಸುವ ತಾಂಡೇಲನ ಒದ್ದೆ ಟವೆಲು. ಇಷ್ಟೆಲ್ಲವನ್ನೂ ಕ್ಷಮಿಸಬಹುದು, ಅದನ್ನಿಟ್ಟ ಜಾಗವನ್ನು ಕ್ಷಮಿಸುವುದು ಕಷ್ಟ. ಇಂಜಿನ್ನಿಗೆ ಮೊಳದಂತರದಲ್ಲಿ, ಅದರಾಚೆಯ ಗೋಡೆಗೆ. ಬೆಂಕಿ ಹತ್ತುವುದಿದ್ದರೆ ಹತ್ತುವುದು ಅಲ್ಲೇ. ಅಂದರೆ ಸಿಲಿಂಡರ್ ಬೇಕಾದವರು ಮೊದಲು ಬೆಂಕಿಯನ್ನು ದಾಟಿ ಹೋಗಬೇಕು. ಸೀತಾದೇವಿಯ ಮಟ್ಟದ ಅರ್ಹತೆಯಿದ್ದವರಿಗೆ ಮಾತ್ರ ಅಗ್ನಿಶಾಮಕ ಲಭ್ಯ.

ಹಾಗೆಂದು ಮಾಲೀಕರನ್ನು ಬೈಯುವುದು ತಪ್ಪು. ಅವರು ಕಾನೂನಿನ ಒಂದಕ್ಷರವನ್ನೂ ಮೀರಿಲ್ಲ. ಸಿಲಿಂಡರ್ ಇರಬೇಕು ಎಂದಿತು ಕಾನೂನು, ಇದೆ. ಕೆಲಸ ಮಾಡಬೇಕು ಎಂಬುದು ನಿಮ್ಮಂಥವರ ದುರಾಸೆ. 1917ರ ಒಳನಾಡು ಹಡಗುಗಳ ಕಾಯ್ದೆಯನ್ನು ಎಸೆದು 2021ರಲ್ಲಿ ಹೊಸ ಕಾಯ್ದೆ ತಂದಾಗಿದೆ. ಸರ್ವೆ, ಪ್ರಮಾಣಪತ್ರ, ಜೀವರಕ್ಷಕ ಸಾಧನ, ಬೆಂಕಿ ಆರಿಸುವ ಸಾಧನ ಎಲ್ಲವೂ ಅದರಲ್ಲಿವೆ. ರಾಜ್ಯದಲ್ಲಿ ಇದನ್ನೆಲ್ಲ ನೋಡಿಕೊಳ್ಳಲು ಮಹಾರಾಷ್ಟ್ರ ಮಾರಿಟೈಮ್ ಬೋರ್ಡ್ ಇದೆ. ಇಷ್ಟು ಕಾಗದವಿರುವಲ್ಲಿ ಬೆಂಕಿ ಹತ್ತಿದರೆ ಚೆನ್ನಾಗಿ ಉರಿಯುತ್ತದೆ ಎಂಬ ಒಂದು ಭಯ ಬಿಟ್ಟರೆ ವ್ಯವಸ್ಥೆಯಲ್ಲಿ ಕೊರತೆಯೇನೂ ಕಾಣುವುದಿಲ್ಲ. ತಪಾಸಣೆಯ ದಿನ ಒಂದು ಬೋಟಿನ ಸಿಲಿಂಡರ್ ಪಕ್ಕದ ಬೋಟಿಗೆ ಅತಿಥಿಯಾಗಿ ಹೋಗುತ್ತದೆ ಎಂದು ದಕ್ಕೆಯ ಚಹಾದಂಗಡಿಯಲ್ಲಿ ಮಾತಾಡಿಕೊಳ್ಳುತ್ತಾರೆ. ನಾನು ನಂಬುವುದಿಲ್ಲ. ಮೂರು ಗಂಟು ಬಿಚ್ಚುವಷ್ಟು ಪುರುಸೊತ್ತು ಯಾರಿಗಿದೆ?

ಏಪ್ರಿಲ್ ಬಂತೆಂದರೆ ಮುಂಬಯಿಗೆ ಒಂದು ವಾರದ ಅಗ್ನಿಭಕ್ತಿ ಬರುತ್ತದೆ. 14ರಿಂದ 20ರವರೆಗೆ ಅಗ್ನಿಶಾಮಕ ಸಪ್ತಾಹ. ಕಚೇರಿಗಳಲ್ಲಿ ಅಂಗಿಗೆ ಸಣ್ಣ ಬಾವುಟ ಚುಚ್ಚಿ ಹತ್ತು ರೂಪಾಯಿ ಕೇಳುತ್ತಾರೆ. ಸೊಸೈಟಿಯ ಅಂಗಳದಲ್ಲಿ ತಗಡಿನ ತಟ್ಟೆಯೊಳಗೆ ಸ್ವಲ್ಪ ಬೆಂಕಿ ಹಚ್ಚಿ, ವಾಚ್‌ಮನ್ ಕೈಯಿಂದ ಆರಿಸಿ, ಸೆಕ್ರೆಟರಿಯವರು ಫೋಟೋ ತೆಗೆಸಿಕೊಳ್ಳುತ್ತಾರೆ. ಹದಿನಾರನೇ ಮಹಡಿಯವರು ಲಿಫ್ಟ್ ಬಳಸದೆ ಮೆಟ್ಟಿಲಿಳಿದು ಬಂದು ಸಮೋಸ ತಿನ್ನುತ್ತಾರೆ. ಈ ಸಪ್ತಾಹ ಹುಟ್ಟಿದ್ದು ಇದೇ ಊರಿನಲ್ಲಿ, ಅದೂ ಯಾವ ಕಟ್ಟಡದ ಬೆಂಕಿಯಿಂದಲೂ ಅಲ್ಲ, ಒಂದು ಹಡಗಿನ ಬೆಂಕಿಯಿಂದ ಎಂಬುದನ್ನು ಸಮೋಸದ ಗಡಿಬಿಡಿಯಲ್ಲಿ ಯಾರೂ ಹೇಳುವುದಿಲ್ಲ.

1944ರ ಏಪ್ರಿಲ್ 14. ವಿಕ್ಟೋರಿಯಾ ಡಾಕಿನಲ್ಲಿ ನಿಂತಿದ್ದ ಹಡಗಿನ ಹೆಸರು ಫೋರ್ಟ್ ಸ್ಟಿಕೈನ್. ಅದರೊಳಗೆ ಸುಮಾರು 1,400 ಟನ್ ಸ್ಫೋಟಕ. ಅದು ಸಾಲದು ಎಂದು ಕರಾಚಿಯಲ್ಲಿ ಹತ್ತಿಯ ಮೂಟೆಗಳನ್ನೂ ತುಂಬಿಸಿದ್ದರು. ಎಣ್ಣೆ, ಮರ, ಗಂಧಕದ ವಾಸನೆ ಹೊಡೆಯುವ ಇನ್ನಷ್ಟು ಸಾಮಾನು. ಮೇಲಿಂದ 31 ಪೆಟ್ಟಿಗೆ ಚಿನ್ನದ ಗಟ್ಟಿ. ಯುದ್ಧಕಾಲ, ಜಾಗವಿಲ್ಲ, ಇರುವುದರಲ್ಲೇ ಹೊಂದಿಸಿಕೊಳ್ಳಿ ಎಂಬ ಮಾತು ಆಗಲೂ ಇತ್ತು. ಸ್ಫೋಟಕ ಹೊತ್ತ ಹಡಗು ಕೆಂಪು ಬಾವುಟ ಹಾರಿಸಬೇಕೆಂಬ ವಾಡಿಕೆಯೂ ಇತ್ತು. ಬಾವುಟ ಹಾರಲಿಲ್ಲ. ಹಡಗು ಬಂದು ಎರಡು ದಿನವಾದರೂ ಅಪಾಯದ ಸರಕಿನ ದೊಡ್ಡ ಪಾಲು ಒಳಗೇ ಇತ್ತು. ಮಧ್ಯಾಹ್ನ ಹೊಗೆ ಕಂಡಿತು. ಅಗ್ನಿಶಾಮಕದವರು ಬಂದು ನೀರು ಹೊಡೆದರು, ಸುಮಾರು 900 ಟನ್ ನೀರು. ಬೆಂಕಿಯ ಬುಡ ಎಲ್ಲಿದೆ ಎಂದು ಪತ್ತೆಯಾಗಲಿಲ್ಲ. ಸುರಿದ ನೀರಿನ ಮೇಲೆ ಉರಿಯುವ ಹತ್ತಿ ತೇಲುತ್ತ ಮೇಲೇರಿತು, ಮೇಲಿನ ಅಂತಸ್ತಿನ ಸ್ಫೋಟಕದ ಹತ್ತಿರ ಹತ್ತಿರಕ್ಕೆ. ನನ್ನ ಖಲಾಸಿಯ ಸಿದ್ಧಾಂತವನ್ನು ಇದಕ್ಕಿಂತ ದೊಡ್ಡ ಪ್ರಮಾಣದಲ್ಲಿ ಯಾರೂ ಪರೀಕ್ಷಿಸಿಲ್ಲ.

4 ಗಂಟೆ 6 ನಿಮಿಷಕ್ಕೆ ಮೊದಲ ಸ್ಫೋಟ, ಅರ್ಧ ಗಂಟೆಯೊಳಗೆ ಎರಡನೆಯದು. ಡಾಕು ಹೋಯಿತು, ಅಕ್ಕಪಕ್ಕದ ಹಡಗುಗಳು ಹೋದವು, ಮಾಂಡವಿಯ ಕಡೆಯ ಗೋದಾಮು ಮನೆಗಳು ಹೊತ್ತಿ ಉರಿದವು. ಸತ್ತವರು ನೂರಾರು, ಲೆಕ್ಕ ಇವತ್ತಿಗೂ ಒಬ್ಬೊಬ್ಬರದು ಒಂದೊಂದು. 66 ಅಗ್ನಿಶಾಮಕ ಸಿಬ್ಬಂದಿ ಕೆಲಸದ ಮೇಲೇ ಜೀವ ಬಿಟ್ಟರು. ಬೈಕುಲಾದ ಕೇಂದ್ರ ಕಚೇರಿಯಲ್ಲಿ ಅವರ ಸ್ಮಾರಕವಿದೆ. ಡಾಕಿನಿಂದ ಬಹುದೂರದಲ್ಲಿದ್ದ ಒಬ್ಬ ಪಾರ್ಸಿ ಗೃಹಸ್ಥರ ಮನೆಯೊಳಗೆ ಹನ್ನೆರಡು ಕಿಲೋ ಮೀರಿದ ಚಿನ್ನದ ಗಟ್ಟಿಯೊಂದು ಆಕಾಶದಿಂದ ಬಂದು ಬಿತ್ತು, ಅವರು ಅದನ್ನು ಹಿಂತಿರುಗಿಸಿದರು. ಮುಂಬಯಿಯ ಮೇಲೆ ಚಿನ್ನದ ಮಳೆಯಾಗಿದ್ದು ಅದೊಂದೇ ಸಲ.

ಆ ದಿನ ಹಡಗಿನ ಮೇಲೆ ಹಾರಬೇಕಿದ್ದ ಬಾವುಟ ಈಗ ವರ್ಷವರ್ಷವೂ ನಮ್ಮ ಅಂಗಿಯ ಮೇಲೆ ಹಾರುತ್ತಿದೆ. ಹಡಗಿನ ಬೆಂಕಿಯ ನೆನಪಿಗಾಗಿ ನಡೆಯುವ ಸಪ್ತಾಹದಲ್ಲಿ, ನಾನು ಕಂಡ ಮಟ್ಟಿಗೆ, ಬಾವುಟದ ಡಬ್ಬಿ ಹಿಡಿದವರು ಗೇಟ್‌ವೇಯ ಮೆಟ್ಟಿಲಿಳಿದು ಬೋಟು ಹತ್ತಿದ್ದಿಲ್ಲ.

ಇನ್ನು ಲೈಫ್ ಜಾಕೆಟ್. ಮೊದಲು ಅವು ಬೋಟಿನ ಚಾವಣಿಯ ಪಟ್ಟಿಗಳ ನಡುವೆ, ಹಗ್ಗದ ಬಲೆಯೊಳಗೆ, ಯಾರ ಕೈಗೂ ಎಟುಕದಂತೆ ಭದ್ರವಾಗಿದ್ದವು. ಕಿತ್ತಳೆ ಬಣ್ಣ ಮಾಸಿ ಹಳೆಯ ಸನ್ಯಾಸಿಯ ಕಾವಿಯಾಗಿತ್ತು. ಪ್ರಯಾಣಿಕರ ಸಂಖ್ಯೆ ಕಣ್ಣಿಗೆ ಕಾಣುತ್ತಿತ್ತು, ಜಾಕೆಟ್ಟುಗಳ ಸಂಖ್ಯೆ ಬಲೆ ಬಿಚ್ಚಿದವರಿಗೆ ಮಾತ್ರ. ಬಲೆ ಬಿಚ್ಚುವ ಸಂದರ್ಭ 2024ರ ಡಿಸೆಂಬರ್ 18ರಂದು ಬಂತು.

ಅಂದು ಸಂಜೆ ನಾಲ್ಕರ ಸುಮಾರಿಗೆ ಎಲಿಫೆಂಟಾಕ್ಕೆ ಹೊರಟಿದ್ದ ನೀಲ್ ಕಮಲ್ ಎಂಬ ಬೋಟಿಗೆ, ಇಂಜಿನ್ ಪರೀಕ್ಷೆಯಲ್ಲಿದ್ದ ನೌಕಾಪಡೆಯ ಸ್ಪೀಡ್‌ಬೋಟು ಹತೋಟಿ ತಪ್ಪಿ ಬಂದು ಗುದ್ದಿತು. ಡಿಕ್ಕಿಯಲ್ಲಿ ಪ್ರವಾಸಿಗಳ ತಪ್ಪು ಏನೂ ಇರಲಿಲ್ಲ. ಆದರೆ ಪರವಾನಗಿಯಿದ್ದದ್ದು 84 ಪ್ರಯಾಣಿಕರಿಗೆ, ಬೋಟಿನಲ್ಲಿದ್ದವರು ನೂರಕ್ಕೂ ಹೆಚ್ಚು. ಆ ಸ್ಪೀಡ್‌ಬೋಟು ಸುತ್ತು ಹೊಡೆದು ತಮ್ಮತ್ತಲೇ ತಿರುಗಿದ ದೃಶ್ಯವನ್ನು ಪ್ರಯಾಣಿಕರೊಬ್ಬರು ಮೊಬೈಲಿನಲ್ಲಿ ಸೆರೆಹಿಡಿದಿದ್ದರು, ಇಡೀ ದೇಶ ನೋಡಿತು. ಮೊಬೈಲು ಕೈಯಲ್ಲಿತ್ತು, ಜಾಕೆಟ್ ಬಹಳಷ್ಟು ಜನರ ಮೈಮೇಲೆ ಇರಲಿಲ್ಲ. ಒಟ್ಟು 15 ಮಂದಿ ಸತ್ತರು. ಮೃತರ ಕುಟುಂಬಕ್ಕೆ ಮುಖ್ಯಮಂತ್ರಿ ಐದು ಲಕ್ಷ ರೂಪಾಯಿ ಘೋಷಿಸಿದರು. ಒಳ್ಳೆಯ ಜಾಕೆಟ್ಟಿಗೆ ಒಂದೆರಡು ಸಾವಿರ. ಐದು ಲಕ್ಷ ಸರ್ಕಾರದ ಖಜಾನೆಯಿಂದ ಬರುತ್ತದೆ, ಆ ಒಂದೆರಡು ಸಾವಿರ ಮಾಲೀಕನ ಜೇಬಿನಿಂದ ಹೋಗಬೇಕು. ಈ ಲೆಕ್ಕಕ್ಕೆ ಚಾರ್ಟರ್ಡ್ ಅಕೌಂಟೆಂಟ್ ಬೇಕಾಗಿಲ್ಲ.

ಮರುದಿನದಿಂದ ಜಾಕೆಟ್ ಕಡ್ಡಾಯವಾಯಿತು. ಕಡ್ಡಾಯ ಎಂದರೆ ನಮ್ಮಲ್ಲಿ ಏನೆಂದು ಬೇರೆ ಹೇಳಬೇಕೇ? ಮೆಟ್ಟಿಲ ಬಳಿ ಪೊಲೀಸ್ ಇರುವವರೆಗೆ ಮೈಮೇಲೆ, ಬೋಟು ದಡ ಬಿಟ್ಟು ತಾಜ್ ಹೋಟೆಲು ಸಣ್ಣದಾದ ಕೂಡಲೇ ತೊಡೆಯ ಮೇಲೆ, ನಡುಸಮುದ್ರದಲ್ಲಿ ಕುಂಡೆಯ ಕೆಳಗೆ. ಬೋಟಿನ ಬೆಂಚು ಗಟ್ಟಿ, ಜಾಕೆಟ್ ಮೆತ್ತಗೆ. ಹೀಗೆ ದಿನವೂ ಮೇಲೆ ಕೂತರೆ ಒಳಗಿನ ಫೋಮ್ ಚಪ್ಪಟೆಯಾಗಿ ತೇಲಿಸುವ ಶಕ್ತಿ ಕಳಕೊಳ್ಳುತ್ತದೆ ಎಂದು ನಮ್ಮ ಭಾವನಿಗೆ ಹೇಳಿದೆ. ಅವರು ಪೂರ್ತಿ ಏಳಲಿಲ್ಲ, ಒಂದು ಪಕ್ಕಕ್ಕೆ ಭಾರ ಬಿಟ್ಟು ಕೂತರು. ಅತ್ತಿಗೆಯ ಆಕ್ಷೇಪ ಬೇರೆ: ಆ ವಾಸನೆ, ಆ ಬೆವರು, ಮೇಲಾಗಿ ರೇಷ್ಮೆ ಸೀರೆಯ ಮೇಲೆ ಅದನ್ನು ಹಾಕಿದರೆ ಫೋಟೋದಲ್ಲಿ ಸೀರೆಯೇ ಕಾಣುವುದಿಲ್ಲ. ಮಗುವಿಗೆ ಕೊಟ್ಟದ್ದು ದೊಡ್ಡವರ ಜಾಕೆಟ್. ಅದರೊಳಗೆ ಮಗು ತಲೆ ಒಳಗೆಳೆದುಕೊಂಡ ಆಮೆಯಂತಿತ್ತು. ನೀರಿಗೆ ಬಿದ್ದರೆ ಜಾಕೆಟ್ ಮೇಲೆ ಉಳಿಯುತ್ತದೆ, ಮಗು ಕೆಳಗೆ ಜಾರುತ್ತದೆ. ಕಾಲ ಸಂದಿಯಿಂದ ಬಿಗಿಯುವ ಪಟ್ಟಿ ಅದಕ್ಕಿರಲಿಲ್ಲ, ಕತ್ತಲಲ್ಲಿ ಊದುವ ಸೀಟಿಯೂ ಇರಲಿಲ್ಲ. ಸೀಟಿ ಎಲ್ಲಿ ಎಂದು ಕೇಳುವ ಧೈರ್ಯ ನನಗೆ ಎರಡನೇ ಸಲ ಬರಲಿಲ್ಲ.

ನಮ್ಮ ಮರೆವಿಗೆ ಮಾತ್ರ ಯಾವ ತೂತೂ ಇಲ್ಲ, ಅದು ಮುಳುಗುವುದೇ ಇಲ್ಲ. 1947ರ ಜುಲೈ 17ರಂದು ಭಾವುಚಾ ಧಕ್ಕಾದಿಂದ ರೇವಸ್‌ಗೆ ಹೊರಟ ರಾಮದಾಸ್ ಹಡಗು ಮಗುಚಿ 600ಕ್ಕೂ ಹೆಚ್ಚು ಜನ ಹೋದರು. ಬೆಳಿಗ್ಗೆ ಮುಳುಗಿದ ಹಡಗಿನ ಸುದ್ದಿ ಊರಿಗೆ ತಲುಪುವಾಗ ಸಂಜೆಯಾಗಿತ್ತು, ಹಡಗಿನಲ್ಲಿ ವೈರ್‌ಲೆಸ್ ಇರಲಿಲ್ಲ. ಸ್ವಾತಂತ್ರ್ಯಕ್ಕೆ ಇನ್ನೊಂದು ತಿಂಗಳು ಬಾಕಿಯಿತ್ತು. ಬಂದ ಮೇಲೆ ಎಲ್ಲ ಸರಿಹೋಗುತ್ತದೆ ಎಂದು ಕಾದವರಿದ್ದರು. 2018ರಲ್ಲಿ ಸಮುದ್ರದೊಳಗಿನ ಶಿವಾಜಿ ಸ್ಮಾರಕದ ಕೆಲಸ ಆರಂಭಿಸುವ ಸಮಾರಂಭಕ್ಕೆ ಹೊರಟ ಸ್ಪೀಡ್‌ಬೋಟೇ ಬಂಡೆಗೆ ಬಡಿದು ಮುಳುಗಿ ಒಬ್ಬರು ಪ್ರಾಣ ಬಿಟ್ಟರು. ಅದೇ ವರ್ಷ ಬಾಂದ್ರಾ ಬಳಿಯ ತೇಲುವ ಬಾರ್ ಒಂದು ತೇಲುವುದನ್ನು ನಿಲ್ಲಿಸಿತು. ಅದೃಷ್ಟಕ್ಕೆ ಒಳಗಿದ್ದವರೆಲ್ಲ ಬದುಕಿದರು. 2020ರ ಮಾರ್ಚ್ 14ರಂದು ಮಾಂಡವಾ ಹತ್ತಿರ ಅಜಂತಾ ಬೋಟು ಮುಳುಗಿದಾಗ 88 ಪ್ರಯಾಣಿಕರೂ ಉಳಿದದ್ದು ಪೊಲೀಸರ ಗಸ್ತು ದೋಣಿ ಹತ್ತಿರದಲ್ಲೇ ಇದ್ದುದರಿಂದ. ನಮ್ಮ ತುರ್ತು ವ್ಯವಸ್ಥೆಯ ಬೆನ್ನೆಲುಬು ಇದೇ: ಹತ್ತಿರದಲ್ಲಿ ಯಾರಾದರೂ ಇರುವುದು.

ಕನ್ನಡನಾಡು ಇದರಲ್ಲಿ ಹಿಂದೆ ಬಿದ್ದಿದೆ ಎಂದು ಯಾರೂ ಬೇಸರಪಡಬೇಕಿಲ್ಲ. 2019ರ ಜನವರಿಯಲ್ಲಿ ಕಾರವಾರದ ಕೂರ್ಮಗಡ ನಡುಗಡ್ಡೆಯ ನರಸಿಂಹ ಜಾತ್ರೆಗೆ ಹೋದವರ ದೋಣಿ ಮಗುಚಿ 16 ಮಂದಿ ಸತ್ತರು. ಕೇರಳದ ತಾನೂರಿನಲ್ಲಿ 2023ರ ಮೇ 7ರಂದು, ಮೀನುಗಾರಿಕೆಯ ದೋಣಿಗೆ ಬಣ್ಣ ಬಳಿದು ಪ್ರವಾಸಿ ಬೋಟು ಮಾಡಿದ್ದ ಒಬ್ಬರ ಉದ್ಯಮಶೀಲತೆಗೆ 22 ಜನ ಬಲಿಯಾದರು. ಅದೇ ವರ್ಷ ಶ್ರೀನಗರದ ದಲ್ ಸರೋವರದಲ್ಲಿ ಹೌಸ್‌ಬೋಟುಗಳು ಸಾಲಾಗಿ ಹೊತ್ತಿ ಉರಿದು ಮೂವರು ಬಾಂಗ್ಲಾದೇಶಿ ಪ್ರವಾಸಿಗಳು ತೀರಿಕೊಂಡರು. ಸುತ್ತ ಸರೋವರದ ತುಂಬ ನೀರಿತ್ತು.

ಬಡವರ ಬೋಟು ಬಿಡಿ, ಸಿರಿವಂತರ ವಿಹಾರ ನೌಕೆಗೆ ಬನ್ನಿ. ಗೇಟ್‌ವೇ ಮಗ್ಗುಲಲ್ಲೇ 1846ರಲ್ಲಿ ಹುಟ್ಟಿದ ರಾಯಲ್ ಬಾಂಬೆ ಯಾಟ್ ಕ್ಲಬ್ ಇರುವ ಊರಿದು. ವಿಹಾರದ ಸಂಪ್ರದಾಯ ನಮಗೆ ಹೊಸದಲ್ಲ. ಹೊಸದು ಏನೆಂದರೆ ಈಗ ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ಸಿಗುವ ಯಾಟ್. ಹುಟ್ಟುಹಬ್ಬ, ಮದುವೆ ಪ್ರಸ್ತಾಪ, ಬಡ್ತಿ, ಗಂಡ ಹೆಂಡತಿ ಜಗಳ ಮುಗಿದ ಸಂಭ್ರಮ, ಎಲ್ಲಕ್ಕೂ ಒಂದೇ ಪ್ಯಾಕೇಜು. ಮುಂಭಾಗಕ್ಕೆಲ್ಲ ಬಲೂನು. ಕೇಕಿನ ಮೇಲೆ ಚಿಮ್ಮುವ ಪಟಾಕಿಯಂಥ ಮೇಣದ ಬತ್ತಿ. ಮೂಲೆಯಲ್ಲಿ ಒಬ್ಬ ಕೆಂಡದ ಹುಕ್ಕಾ ಹಚ್ಚಿಕೊಂಡಿರುತ್ತಾನೆ. ಒಳಗೆ ಹತ್ತು ಮೊಬೈಲು, ಎರಡು ಸ್ಪೀಕರು, ಒಂದು ಡ್ರೋನು, ಎಲ್ಲವೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಸಿಕ್ಕಿಸಿಕೊಂಡು ಚಾರ್ಜ್ ಆಗುತ್ತಿರುತ್ತವೆ.

ಇವೆಲ್ಲ ನಡೆಯುವುದು ಫೈಬರ್‌ಗ್ಲಾಸಿನ ಮೇಲೆ. ಗಾಜು ಉರಿಯುವುದಿಲ್ಲ, ಅದನ್ನು ಅಂಟಿಸಿದ ರೆಸಿನ್ ಮಾತ್ರ ಕಪ್ಪು ಹೊಗೆ ಕಾರುತ್ತ ಚೆನ್ನಾಗಿ ಉರಿಯುತ್ತದೆ. ಪೆಟ್ರೋಲ್ ಇಂಜಿನ್ ಇರುವ ಬೋಟಾದರೆ ಇನ್ನೊಂದು ಸೂಕ್ಷ್ಮ: ಪೆಟ್ರೋಲಿನ ಆವಿ ಗಾಳಿಗಿಂತ ಭಾರ, ಅದು ಮೇಲೆ ಹಾರಿ ಹೋಗದೆ ತಳದ ಗುಂಡಿಯಲ್ಲಿ ಕೂತು ಒಂದು ಕಿಡಿಗಾಗಿ ಕಾಯುತ್ತದೆ. ಅದಕ್ಕಾಗಿ ಒಳಗಿನ ಇಂಜಿನ್ ಶುರು ಮಾಡುವ ಮುನ್ನ ನಾಲ್ಕು ನಿಮಿಷ ಬ್ಲೋವರ್ ಫ್ಯಾನು ಓಡಿಸಿ ಆವಿಯನ್ನು ಹೊರಗಟ್ಟಬೇಕು ಎಂಬುದು ಜಗತ್ತಿನ ಬೋಟಿನವರೆಲ್ಲ ಕಲಿತ ಪಾಠ. ಗಂಟೆಗೆ ಸಾವಿರಾರು ರೂಪಾಯಿ ತೆತ್ತ ಗಿರಾಕಿಗೆ ನಾಲ್ಕು ನಿಮಿಷ ಎಂದರೆ ಎಷ್ಟು ದುಡ್ಡು, ನೀವೇ ಲೆಕ್ಕ ಹಾಕಿ. ಸ್ಟೋರ್‌ರೂಮಿನಲ್ಲಿ ಸಂಕಟದ ಸಂಕೇತಕ್ಕೆಂದು ಇಟ್ಟ ಫ್ಲೇರುಗಳಿಗೂ ಔಷಧಿಯಂತೆ ಗಡುವಿನ ದಿನಾಂಕವಿದೆ, ಮೂರ್ನಾಲ್ಕು ವರ್ಷ ಅಷ್ಟೇ. ಗಡುವು ಮುಗಿದದ್ದನ್ನು ಏನು ಮಾಡುತ್ತೀರಿ ಎಂದು ಅಂಥ ಒಂದು ಯಾಟಿನ ನಾವಿಕರನ್ನು ಕೇಳಿದೆ. "ದೀವಾಲಿ ಮೇ ಫೋಡ್ ದೇತೇ ಹೈ", ದೀಪಾವಳಿಗೆ ಸಿಡಿಸಿಬಿಡುತ್ತೇವೆ, ಎಂದರು. ಅವರು ತಮಾಷೆ ಮಾಡಿದರೋ ಮಾಹಿತಿ ಕೊಟ್ಟರೋ ಇನ್ನೂ ಬಗೆಹರಿದಿಲ್ಲ.

ಅಮೆರಿಕದವರು ನಮಗಿಂತ ಮೇಲು ಎಂಬ ಕೀಳರಿಮೆ ಬೇಡ. 1904ರ ಜೂನ್ 15ರಂದು ನ್ಯೂಯಾರ್ಕಿನ ಈಸ್ಟ್ ನದಿಯಲ್ಲಿ ಜನರಲ್ ಸ್ಲೋಕಮ್ ಎಂಬ ವಿಹಾರದ ಹಡಗಿಗೆ ಬೆಂಕಿ ಬಿತ್ತು. ಒಂದು ಇಗರ್ಜಿಯ ಪಿಕ್ನಿಕ್ಕಿಗೆ ಹೊರಟಿದ್ದ ಸಾವಿರಕ್ಕೂ ಹೆಚ್ಚು ಜನ, ಬಹುಪಾಲು ಹೆಂಗಸರು ಮತ್ತು ಮಕ್ಕಳು, ದಡ ಕಣ್ಣಿಗೆ ಕಾಣುತ್ತಿರುವಾಗಲೇ ಸತ್ತರು. ನೀರಿನ ಹೋಸು ಕೊಳೆತಿತ್ತು, ಒತ್ತಡ ಕೊಟ್ಟೊಡನೆ ಸಿಡಿಯಿತು. ಹದಿಮೂರು ವರ್ಷ ಹಳೆಯ ಲೈಫ್ ಜಾಕೆಟ್ಟುಗಳ ಕಾರ್ಕು ಪುಡಿಯಾಗಿತ್ತು. ತಾಯಂದಿರು ಅದನ್ನೇ ಮಕ್ಕಳಿಗೆ ಕಟ್ಟಿ ನೀರಿಗಿಳಿಸಿದರು, ಮಕ್ಕಳು ಮೇಲೆ ಬರಲಿಲ್ಲ. ತೂಕ ಸರಿಹೊಂದಲಿ ಎಂದು ಕಾರ್ಕಿನೊಳಗೆ ಕಬ್ಬಿಣದ ತುಂಡು ಸೇರಿಸಿ ಮಾರುತ್ತಿದ್ದ ಜಾಕೆಟ್ ಕಂಪನಿಯೊಂದು ಆಮೇಲೆ ಬೆಳಕಿಗೆ ಬಂತು. ಆ ಹಡಗನ್ನು ಸರ್ಕಾರಿ ತಪಾಸಣೆಗಾರರು ಸುಮಾರು ಆರು ವಾರ ಮುಂಚೆ ನೋಡಿ, ಎಲ್ಲ ಚೆನ್ನಾಗಿದೆ ಎಂದು ಬರೆದುಕೊಟ್ಟಿದ್ದರು. ಜೈಲಿಗೆ ಹೋದದ್ದು ಕ್ಯಾಪ್ಟನ್ ಒಬ್ಬನೇ. ನೂರು ವರ್ಷದ ಮೇಲೆ, 2019ರ ಸೆಪ್ಟೆಂಬರಿನಲ್ಲಿ, ಕ್ಯಾಲಿಫೋರ್ನಿಯಾದ ಕನ್ಸೆಪ್ಷನ್ ಎಂಬ ಡೈವಿಂಗ್ ಬೋಟಿನಲ್ಲಿ ರಾತ್ರಿ ಬೆಂಕಿ ಎದ್ದಾಗ ಕೆಳಗೆ ಮಲಗಿದ್ದ 34 ಮಂದಿ ಅಲ್ಲೇ ಜೀವ ಬಿಟ್ಟರು. ಚಾರ್ಜಿಗೆ ಹಾಕಿದ್ದ ಬ್ಯಾಟರಿಗಳ ಮೇಲೂ ಅನುಮಾನ ಬಂತು. ರಾತ್ರಿ ಸುತ್ತು ಹಾಕುವ ಕಾವಲುಗಾರನನ್ನು ಕ್ಯಾಪ್ಟನ್ ನೇಮಿಸಿರಲಿಲ್ಲ, ಬೆಂಕಿ ಕಂಡಾಗ ಮೊದಲು ನೀರಿಗೆ ಹಾರಿದವರಲ್ಲಿ ಅವನೂ ಇದ್ದ. ನಾಲ್ಕು ವರ್ಷದ ಸೆರೆವಾಸವಾಯಿತು. ಇಲ್ಲೂ ಕಾವಲಿಲ್ಲ, ಅಲ್ಲೂ ಕಾವಲಿಲ್ಲ. ಕಾವಲಿನವನಿಗೆ ಸಂಬಳ ಕೊಡಬೇಕಾಗುತ್ತದೆ ಎಂಬುದೇ ಎಲ್ಲ ಕಡೆಯ ತಕರಾರು.

ಮೀನುಗಾರರ ವಿಷಯಕ್ಕೆ ಒಂದು ಮಾತು. 2025ರ ಫೆಬ್ರುವರಿ ಕೊನೆಯಲ್ಲಿ ಅಲಿಬಾಗ್ ಕರಾವಳಿಯಾಚೆ ಬೆಳಗಿನ ಜಾವ ಒಂದು ಮೀನುಗಾರಿಕಾ ಬೋಟು ಹೊತ್ತಿಕೊಂಡಿತು. ಬೋಟು ಬಹುಪಾಲು ಸುಟ್ಟುಹೋಯಿತು, 18 ಜನರೂ ಬದುಕಿ ಬಂದರು. ನೀರಿನ ಮೇಲೆ ಬದುಕುವವರಿಗೆ ನೀರಿನ ಮೇಲೆ ಅಷ್ಟು ನಂಬಿಕೆಯಿಲ್ಲ. ಮುಂಬಯಿಯ ಮೊಗವೀರರು 1902ರಲ್ಲೇ ವ್ಯವಸ್ಥಾಪಕ ಮಂಡಳಿ ಕಟ್ಟಿಕೊಂಡವರು. ಅವರ ಮನೆಯ ಹಿರಿಯರೊಬ್ಬರನ್ನು ಒಮ್ಮೆ ಎಲಿಫೆಂಟಾಕ್ಕೆ ಕರೆದೆ. ನಿಂತಿದ್ದ ಬೋಟನ್ನೂ ಹತ್ತುತ್ತಿದ್ದ ಜನರನ್ನೂ ಎರಡು ಸಲ ನೋಡಿ, "ನೀವು ಹೋಗಿ ಬನ್ನಿ" ಎಂದರು.

ಈಗ ಅಭಿವೃದ್ಧಿಯ ಸುದ್ದಿ. ಗೇಟ್‌ವೇಯ ನೂಕುನುಗ್ಗಲು ತಪ್ಪಿಸಲು ರೇಡಿಯೋ ಕ್ಲಬ್ ಹತ್ತಿರ 229 ಕೋಟಿ ರೂಪಾಯಿಯ ಹೊಸ ಜೆಟ್ಟಿ ಬರಲಿದೆ. ಕೊಲಾಬಾದ ನಿವಾಸಿಗಳು ಕೋರ್ಟಿಗೆ ಹೋದರು. 2025ರ ಜುಲೈಯಲ್ಲಿ ಬಾಂಬೆ ಹೈಕೋರ್ಟ್ ಹಸಿರು ನಿಶಾನೆ ತೋರಿತು, ಷರತ್ತುಗಳೊಂದಿಗೆ: ನಕ್ಷೆಯಲ್ಲಿರುವ ಆಂಫಿಥಿಯೇಟರಿನಲ್ಲಿ ಮನರಂಜನೆ ನಡೆಸಕೂಡದು, ಪ್ರಯಾಣಿಕರು ಕಾಯುವ ಜಾಗವಾಗಿ ಮಾತ್ರ ಬಳಸಬೇಕು, ಕೆಫೆಯಲ್ಲಿ ನೀರು ಮತ್ತು ಪೊಟ್ಟಣದ ತಿಂಡಿ ಮಾತ್ರ. ಬೋಟು ಹತ್ತುವ ಕಟ್ಟೆಗೆ ಆಂಫಿಥಿಯೇಟರ್ ಬೇಕು ಎಂದು ಯಾರಿಗೆ ಹೊಳೆಯಿತೋ ಅವರ ದೂರದೃಷ್ಟಿ ದೊಡ್ಡದು. ಸಮುದ್ರದಲ್ಲಿ ನಡೆಯುವುದನ್ನು ಮೆಟ್ಟಿಲ ಮೇಲೆ ಕೂತು ನೋಡಬಹುದಿತ್ತು.

ನನ್ನದೊಂದು ಸಣ್ಣ ಬೇಡಿಕೆ, 229 ಕೋಟಿಯ ಮಾತಲ್ಲ. ಬೋಟಿನ ಮೇಲಿನ ಅಂತಸ್ತಿಗೆ ಗಾಳಿ ಚೆನ್ನಾಗಿ ಬರುತ್ತದೆ ಎಂದು ಒಂದಿಷ್ಟು ಹೆಚ್ಚು ವಸೂಲಿ ಮಾಡುತ್ತಾರೆ, ನಾವೂ ಚಕಾರವೆತ್ತದೆ ಕೊಡುತ್ತೇವೆ. ಇನ್ನೊಂದು ಹತ್ತು ರೂಪಾಯಿ ತೆಗೆದುಕೊಳ್ಳಲಿ. ದಡ ಬಿಡುವ ಮುನ್ನ ಯಾರಾದರೊಬ್ಬ ಖಲಾಸಿ ಜಾಕೆಟ್ ಹಾಕಿಕೊಂಡು ಪಟ್ಟಿ ಬಿಗಿಯುವುದು ಹೇಗೆಂದು ತೋರಿಸಲಿ, ಮಕ್ಕಳ ಜಾಕೆಟ್ ಮಕ್ಕಳಿಗೇ ಕೊಡಲಿ, ಕೋಸ್ಟ್ ಗಾರ್ಡಿನ 1554 ನಂಬರನ್ನು ಕ್ಯಾಬಿನ್ನಿನ ಮೇಲೆ ದೊಡ್ಡದಾಗಿ ಬರೆಯಲಿ, ಸಿಲಿಂಡರನ್ನು ಇಂಜಿನ್ನಿನ ಮಗ್ಗುಲಿಂದ ಬಾಗಿಲ ಬಳಿಗೆ ತಂದು ಗಂಟು ಬಿಚ್ಚಿಡಲಿ. ಸಪ್ತಾಹದ ಏಳು ದಿನದಲ್ಲಿ ಒಂದು ದಿನ, ಎಲ್ಲರೆದುರು, ಹಳೆಯ ಸಿಲಿಂಡರನ್ನು ಒಮ್ಮೆ ಒತ್ತಿ ತೋರಿಸಲಿ.

ಇದನ್ನು ಖಲಾಸಿಗೆ ಹೇಳಿದಾಗ ಅವನು ಮೊದಲ ಬಾರಿಗೆ ಗಂಭೀರನಾದ. ಒತ್ತಿದರೆ ಖಾಲಿಯಾಗುತ್ತದೆ, ಖಾಲಿಯಾದರೆ ತುಂಬಿಸಬೇಕು, ತುಂಬಿಸುವವರೆಗೆ ಬೋಟಿನಲ್ಲಿ ಸಿಲಿಂಡರ್ ಇರುವುದಿಲ್ಲ, ಅಷ್ಟರಲ್ಲಿ ತಪಾಸಣೆ ಬಂದರೆ ಸೇಠ್ ಅವನ ಸಂಬಳದಲ್ಲಿ ಮುರಿದುಕೊಳ್ಳುತ್ತಾನೆ. ಭಾವ ಹೌದು ಹೌದು ಎಂದು ತಲೆದೂಗಿದರು, ಜಾಕೆಟ್ಟನ್ನು ಸರಿಮಾಡಿಕೊಂಡು ಮತ್ತೆ ಅದರ ಮೇಲೇ ಕೂತರು.